ನಾಲ್ಕನೇ ಬೆಡ್‌ನ ಪುಟ

"ಈ ಮೆಷಿನ್‌ಗೆ ಪ್ರೋಗ್ರಾಂ ಬರೆದವರು ಯಾರು? ಅವ್ರನ್ನ ಕರೀರಿ!"

ಶಿವಮೊಗ್ಗದ ದುರ್ಗಿಗುಡಿಯ ಆ ಮೊದಲ ಮಹಡಿಯ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ಒಮ್ಮೆಲೇ ನಿಂತುಹೋಯಿತು.

ಬಾಗಿಲಲ್ಲಿ ನಿಂತಿದ್ದವನ ಮೈಮೇಲೆ ನರ್ಸ್ ಯೂನಿಫಾರ್ಮ್ ಇತ್ತು. ಬದಲಾಯಿಸಿ ಮೂರು ದಿನವಾಗಿದೆಯೇನೋ ಎನ್ನುವಷ್ಟು ಮುದುಡಿತ್ತು. ಕಣ್ಣುಗಳು ಕೆಂಪಗಿದ್ದವು.

ದಿವ್ಯಶ್ರೀ ಕುರ್ಚಿಯಿಂದ ಎದ್ದಳು.

"ನಾನೇ ಬರೆದಿದ್ದು. ಏನಾಗ್ಬೇಕಿತ್ತು?"

ಅವನು ಅವಳನ್ನೇ ನೋಡಿದ. ಯಾರನ್ನೋ ಬೈಯಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವನಿಗೆ ಈಗ ಆ ಮಾತೆಲ್ಲ ಮರೆತುಹೋದಂತಿತ್ತು.

"ಹಾಗಾದ್ರೆ ನೀವೇ ಹೇಳಿ ಮೇಡಂ... ಉಸಿರು ನಿಲ್ತಾ ಇರೋ ಮನುಷ್ಯನ ಹೆಸರಿನ ಮುಂದೆ ನಿಮ್ಮ ಸ್ಕ್ರೀನ್ ತೊಂಬತ್ತೇಳು ಅಂತ ಯಾಕೆ ತೋರಿಸ್ತು?"

ಅವನ ಹೆಸರು ಯುವರಾಜ್. ಭದ್ರಾವತಿಯ ಒಂದು ಚಿಕ್ಕ ನರ್ಸಿಂಗ್ ಹೋಮ್‌ನ ಐಸಿಯುದಲ್ಲಿ ಸ್ಟಾಫ್ ನರ್ಸ್. ಅಲ್ಲಿದ್ದದ್ದು ದಿವ್ಯಶ್ರೀಯ ಕಂಪನಿ ತಯಾರಿಸಿದ 'ನಾಡಿಮಿತ್ರ' ಮಾನಿಟರ್. ಪ್ರತಿ ಬೆಡ್‌ನ ಪಕ್ಕದಲ್ಲೂ ಸಣ್ಣ ಅಂಕಿ ತೋರಿಸುವ ಒಂದು ಡಬ್ಬಿ, ನರ್ಸ್ ಟೇಬಲ್ ಮೇಲೆ ಎಲ್ಲ ಬೆಡ್‌ಗಳನ್ನೂ ಒಟ್ಟಿಗೆ ತೋರಿಸುವ ದೊಡ್ಡ ಸ್ಕ್ರೀನ್. ರೋಗಿಯ ಆಕ್ಸಿಜನ್ ಇಳಿದರೆ ಕೂಗಬೇಕಾದದ್ದು ಆ ದೊಡ್ಡ ಸ್ಕ್ರೀನ್.

ಅಂದು ಅದು ಕೂಗಲಿಲ್ಲ.

"ನಾನೊಬ್ಬನೇ ಡ್ಯೂಟಿಲಿದ್ದೆ. ಆರನೇ ಬೆಡ್‌ಗೆ ಡ್ರಿಪ್ ಬದಲಾಯಿಸ್ತಾ ಇದ್ದೆ. ಅಲ್ಲಿಂದಲೇ ಎರಡು ಸಲ ಸ್ಕ್ರೀನ್ ನೋಡಿದೀನಿ. ನಾಲ್ಕನೇ ಬೆಡ್ಡು, ಹೊನ್ನಯ್ಯ, ತೊಂಬತ್ತೇಳು. ಸರಿಯಾಗಿದೆ ಅನ್ಕೊಂಡೆ. ತಿರುಗಿ ಹತ್ತಿರ ಹೋದ್ರೆ... ತುಟಿ ನೀಲಿ ಆಗಿತ್ತು ಮೇಡಂ!"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಉಸಿರು ವಾಪಸ್ ತಂದೆ. ಆದ್ರೆ ಅವ್ರು ಕಣ್ಣು ಬಿಟ್ಟಿಲ್ಲ. ಆ ಸ್ಕ್ರೀನಲ್ಲಿದ್ದದ್ದು ಅವ್ರ ನಂಬರ್ ಅಲ್ಲ. ಆರನೇ ಬೆಡ್‌ದು! ಎರಡೂ ಕಡೆ ಒಂದೇ ನಂಬರ್ ಇತ್ತು, ನಾನೇ ನೋಡಿದೀನಿ. ಆಸ್ಪತ್ರೆಯವ್ರು ನಾನು ಫೋನ್ ನೋಡ್ತಾ ಕೂತಿದ್ದೆ ಅಂತಾರೆ..."

"ಒಬ್ಬರ ನಂಬರ್ ಇನ್ನೊಬ್ಬರಿಗೆ ಬರೋ ಹಾಗಿಲ್ಲ," ಎಂದಳು ದಿವ್ಯಶ್ರೀ. ಮಾತು ತಾನಂದುಕೊಂಡದ್ದಕ್ಕಿಂತ ಬಿರುಸಾಗಿಯೇ ಬಂತು. "ಪ್ರತಿ ಬೆಡ್‌ಗೂ ಮೆಮೊರಿಲಿ ಬೇರೆ ಬೇರೆ ಜಾಗ ಇದೆ. ಒಂದರಿಂದ ಇನ್ನೊಂದಕ್ಕೆ ದಾಟದ ಹಾಗೆ ಕರ್ನಲ್, ಅಂದ್ರೆ ಮೆಷಿನ್ನಿನ ಮೂಲ ಪ್ರೋಗ್ರಾಂ, ನೋಡ್ಕೊಳ್ಳುತ್ತೆ. ಆ ಭಾಗ ಬರೆಯೋಕೆ ನನಗೆ ಮೂರು ವರ್ಷ ಹಿಡಿದಿದೆ."

"ನಿಮ್ಮ ಮೂರು ವರ್ಷ ನನಗೆ ಬೇಡ. ಒಂದು ಸಲ ನೋಡಿ ಅಷ್ಟೇ. ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಅವಳಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ನೋಡ್ತೀನಿ," ಎಂದಳು.

ಆ ಒಂದು ಮಾತಿಗೆ ಅವನ ಮುಖದಲ್ಲಿ ಮೂಡಿದ ನಂಬಿಕೆ... ಅದು ಅವಳನ್ನು ಬಹಳ ದಿನ ಕಾಡಲಿತ್ತು.

*

ನೋಡಿದಳು. ಆಸ್ಪತ್ರೆಯಿಂದ ಬಂದ ಲಾಗ್ ತೆರೆದಳು. ಮೆಷಿನ್ ತಾನೇ ಕ್ಷಣಕ್ಷಣಕ್ಕೂ ಬರೆದಿಟ್ಟ ದಾಖಲೆ ಅದು. ಮಧ್ಯಾಹ್ನ ಎರಡು ಗಂಟೆ ಹನ್ನೆರಡು ನಿಮಿಷ: ನಾಲ್ಕನೇ ಬೆಡ್, ಆಕ್ಸಿಜನ್ ಎಂಬತ್ತೊಂದು. ಮುಂದಿನ ಸಾಲು ಎಪ್ಪತ್ತು. ಅದರ ಮುಂದಿನದು ಅರವತ್ತೆರಡು. ಪ್ರತಿ ಸಾಲಿನ ಎದುರೂ 'ಅಪಾಯ' ಎಂಬ ಗುರುತು.

ಅಂದರೆ ಮೆಷಿನ್‌ಗೆ ಗೊತ್ತಿತ್ತು!

'ಪಾಪ... ಸುಸ್ತಾಗಿ ಕಣ್ಣು ಮುಚ್ಚಿರಬೇಕು. ಈಗ ಅವನಿಗೇ ಅದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ.'

ಸಂಜೆ ಕಂಪನಿಯ ಮಾಲೀಕ ವೆಂಕಟಾಚಲ ಅವಳ ಟೇಬಲ್ ಮೇಲೆ ಒಂದು ಹಾಳೆ ಇಟ್ಟರು. ಕೆಟ್ಟ ಮನುಷ್ಯರಲ್ಲ. ಇದ್ದ ಕೆಲಸ ಬಿಟ್ಟು, ಊರಲ್ಲೇ ಏನಾದರೂ ಮಾಡಬೇಕೆಂದು ಈ ಕಂಪನಿ ಕಟ್ಟಿದವರು.

"ಆಸ್ಪತ್ರೆಯವ್ರು ಕೇಳ್ತಿದಾರಮ್ಮ. ಲಾಗ್ ಸರಿ ಇದೆಯಲ್ಲ?"

"ಲಾಗ್ ಸರಿ ಇದೆ ಸರ್."

"ಹಾಗಾದ್ರೆ ಸಹಿ ಹಾಕು."

'ಯಂತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ.' ಅದರ ಕೆಳಗೆ ಅವಳು ಸಹಿ ಹಾಕಿದಳು.

ಮರುದಿನವೇ ಯುವರಾಜ್‌ನನ್ನು ಕೆಲಸದಿಂದ ತೆಗೆದರು.

*

ಎರಡು ದಿನ ಕಳೆದವು. ಅವನ ಒಂದು ಮಾತು ಮಾತ್ರ ಅವಳ ತಲೆಯಿಂದ ಹೋಗಲಿಲ್ಲ.

'ಎರಡೂ ಕಡೆ ಒಂದೇ ನಂಬರ್ ಇತ್ತು...'

ನಿದ್ದೆ ಹೋದವನು ಏನು ಬೇಕಾದರೂ ಹೇಳಬಹುದಿತ್ತು. ಸ್ಕ್ರೀನ್ ಆರಿಹೋಗಿತ್ತು ಎನ್ನಬಹುದಿತ್ತು. ಕರೆಂಟ್ ಹೋಗಿತ್ತು ಎನ್ನಬಹುದಿತ್ತು. ಆರನೇ ಬೆಡ್‌ನ ನಂಬರ್ ನಾಲ್ಕರಲ್ಲಿ ಬಂತು ಎಂದು ಯಾರಾದರೂ ಸುಳ್ಳು ಕಟ್ಟುತ್ತಾರೆಯೇ?

ಗುರುವಾರ ಬೆಳಿಗ್ಗೆ ಅವಳು ತನ್ನ ಕೋಡನ್ನು ಬೇರೆ ಯಾರೋ ಬರೆದದ್ದು ಎಂಬಂತೆ ಮೊದಲಿನಿಂದ ಓದತೊಡಗಿದಳು. ಪೇಜ್ ಟೇಬಲ್... ಯಾವ ಬೆಡ್‌ನ ಅಂಕಿ ಮೆಮೊರಿಯ ಯಾವ ಪುಟದಲ್ಲಿದೆ ಎಂದು ಕರ್ನಲ್ ಬರೆದಿಟ್ಟುಕೊಳ್ಳುವ ಪಟ್ಟಿ. ಪ್ರತಿ ಸಲವೂ ಆ ಪಟ್ಟಿ ತೆರೆದು ನೋಡಿದರೆ ತಡವಾಗುತ್ತದೆ. ಅದಕ್ಕೇ ಪ್ರೊಸೆಸರಿನೊಳಗೆ ಕೆಲಸ ಹಂಚಿಕೊಳ್ಳುವ ಪ್ರತಿಯೊಂದು ಕೋರ್ ತನಗೆ ಬೇಕಾದ ನಾಲ್ಕಾರು ಸಾಲುಗಳ ನಕಲನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಪಟ್ಟಿ ಬದಲಾದಾಗ ಎಲ್ಲ ಕೋರ್‌ಗಳಿಗೂ 'ಹಳೆಯ ನಕಲು ಬಿಸಾಡು' ಎಂದು ಹೇಳಲೇಬೇಕು.

ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

ಮೊದಲ ಕೋರ್‌ಗೆ ಹೇಳಿದ್ದಳು. ಎರಡನೆಯದಕ್ಕೆ... 'ಆಮೇಲೆ ಹೇಳಿದರಾಯಿತು' ಎಂದು ಬಿಟ್ಟಿದ್ದಳು. ವೇಗ ಹೆಚ್ಚಲಿ ಎಂದು. ಹಳೆಯ ನಕಲು ಕಣ್ಣುಮಿಟುಕಿಸುವಷ್ಟರಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ ಎಂಬ ಧೈರ್ಯದಲ್ಲಿ.

ಲಾಗ್ ಬರೆಯುವುದು ಮೊದಲ ಕೋರ್. ಸ್ಕ್ರೀನ್ ನಡೆಸುವುದು, ಅಲಾರಂ ಕೂಗಿಸುವುದು ಎರಡನೆಯ ಕೋರ್!

'ಅಯ್ಯೋ ದೇವರೇ...'

ಲಾಗ್ ನಿಜ ಹೇಳಿತ್ತು. ಅವನೂ ನಿಜವನ್ನೇ ಹೇಳಿದ್ದ. ಸುಳ್ಳಾಗಿದ್ದದ್ದು ಒಂದೇ: ಅವಳ ಸಹಿ.

ಅವಳು ನೇರ ವೆಂಕಟಾಚಲರ ಕೋಣೆಗೆ ಹೋದಳು. ಅವರು ಎಲ್ಲ ಕೇಳಿಸಿಕೊಂಡರು.

"ಹೀಗೆ ಆಗಬಹುದು ಅಂತೀಯ. ಆಗಿದೆ ಅಂತ ತೋರಿಸೋಕಾಗುತ್ತಾ?"

"ಇನ್ನೂ ಇಲ್ಲ ಸರ್..."

"ಇನ್ನೂ ಹನ್ನೊಂದು ಆಸ್ಪತ್ರೆಲಿ ನಮ್ಮ ಮೆಷಿನ್ ಇದೆ. ಅನುಮಾನದ ಮೇಲೆ ಅವ್ರಿಗೆಲ್ಲ ಹೇಗಮ್ಮ ಹೇಳೋದು? ಒಂದು ಸಲ ಮಾಡಿ ತೋರಿಸು. ಆಮೇಲೆ ಮಾತಾಡೋಣ."

*

ಅವಳು ಮಧ್ಯಾಹ್ನದ ಬಸ್ಸಿಗೆ ಭದ್ರಾವತಿಗೆ ಹೋದಳು. ಓಲ್ಡ್ ಟೌನ್‌ನಲ್ಲಿ ಆಸ್ಪತ್ರೆ ಹುಡುಕುವುದು ಕಷ್ಟವಾಗಲಿಲ್ಲ. ಅವನನ್ನು ಹುಡುಕುವುದಂತೂ ಇನ್ನೂ ಸುಲಭವಾಯಿತು. ಕೆಲಸದಿಂದ ತೆಗೆದವನು ಅದೇ ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು.

"ಒಂದೇ ಒಂದು ಇಡ್ಲಿ ತಿನ್ನಿ ಕಾಳಮ್ಮಾರೆ. ನೀವೂ ಮಲಗಿಬಿಟ್ರೆ ಅವ್ರನ್ನ ನೋಡ್ಕೊಳ್ಳೋರು ಯಾರು?"

"ನೀನು ತಿಂದ್ಯಾ ಮಾರಾಯ?"

ಅವರು ಹೊನ್ನಯ್ಯನ ಹೆಂಡತಿ. ಇಡೀ ಆಸ್ಪತ್ರೆ ಅವನನ್ನು ದೂರುವಾಗಲೂ ಆ ಹೆಂಗಸು ಅವನ ಕೈಯಿಂದ ಇಡ್ಲಿ ಪೊಟ್ಟಣ ಇಸಿದುಕೊಳ್ಳುತ್ತಿದ್ದರು. ಅದನ್ನು ನೋಡಿ ದಿವ್ಯಶ್ರೀಗೆ ಮುಂದೆ ಹೆಜ್ಜೆ ಇಡುವುದೇ ಕಷ್ಟವಾಯಿತು.

"ನೀವು ಹೇಳಿದ್ದು ನಿಜ ಇರಬಹುದು ಯುವರಾಜ್ ಅವ್ರೇ," ಎಂದಳು, ಅವನನ್ನು ಪಕ್ಕಕ್ಕೆ ಕರೆದು. "ತಪ್ಪು ನನ್ನ ಕೋಡಲ್ಲೇ ಇದೆ ಅನ್ಸುತ್ತೆ. ಆದ್ರೆ ಅದನ್ನ ಕಣ್ಣಿಗೆ ಕಾಣೋ ಹಾಗೆ ಮಾಡ್ಬೇಕು. ಆವತ್ತು ಏನೇನಾಯ್ತು ಅಂತ ಗೊತ್ತಿರೋದು ನಿಮಗೊಬ್ಬರಿಗೇ."

ಅವನು ಇಡ್ಲಿಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಎಂಟು ದಿನ ಆಯ್ತು ಮೇಡಂ..." ಎಂದ. "ಎಂಟು ದಿನದಲ್ಲಿ ನನ್ನ ಮಾತು ನಂಬಿದೋರು ನೀವೇ ಮೊದಲು."

'ಹೇಳು! ಆ ರಿಪೋರ್ಟಿಗೆ ಸಹಿ ಹಾಕಿದ್ದು ನಾನೇ ಅಂತ ಈಗಲೇ ಹೇಳಿಬಿಡು!'

ಅವಳು ಹೇಳಲಿಲ್ಲ.

*

ಆಫೀಸಿನ ಡೆಮೊ ಸೆಟ್ಟನ್ನು ದಿವ್ಯಶ್ರೀ ಹೊಸಮನೆ ಬಡಾವಣೆಯ ತನ್ನ ಮನೆಗೆ ತಂದಳು. ಊಟದ ಟೇಬಲ್ ಮೇಲೆ ಎರಡು ಡಬ್ಬಿ, ಒಂದು ದೊಡ್ಡ ಸ್ಕ್ರೀನ್. ಯುವರಾಜ್ ದಿನವೂ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದ. ಅವಳ ತಾಯಿ ಮೀರಾ ಮೊದಲ ದಿನ ಅನುಮಾನದಿಂದ ನೋಡಿದರು. ಎರಡನೆಯ ದಿನ ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ದೋಸೆ ಹಾಕಿದರು.

ಆಕ್ಸಿಜನ್ ಅಳೆಯುವ ನಾಲ್ಕನೇ ಬೆಡ್‌ನ ಕ್ಲಿಪ್ ಅವನ ಬೆರಳಿಗೆ. ಆರನೇ ಬೆಡ್‌ನದ್ದು ಅವಳ ಬೆರಳಿಗೆ. ಉಳಿದ ಬೆಡ್‌ಗಳ ಅಂಕಿಗಳನ್ನು ಕಂಪ್ಯೂಟರಿನಿಂದಲೇ ಕಳಿಸುತ್ತಿದ್ದಳು.

"ತೆಗೀರಿ... ಹಾಕಿ... ಮತ್ತೆ ತೆಗೀರಿ."

ಆವತ್ತು ಅವನು ಎರಡೂ ಬೆಡ್‌ನ ಕ್ಲಿಪ್ ತೆಗೆದು ಹಾಕಿದ್ದ. ಹಾಗೆ ಮಾಡಿದಾಗಲೆಲ್ಲ ಕರ್ನಲ್ ಆ ಬೆಡ್‌ಗೆ ಹೊಸ ಪುಟ ಕೊಡುತ್ತಿತ್ತು. ಹಳೆಯ ಪುಟ ಬೇರೆ ಬೆಡ್‌ಗೆ ಹೋಗುತ್ತಿತ್ತು. ತಪ್ಪಾಗುವುದಿದ್ದರೆ ಆಗಲೇ ಆಗಬೇಕಿತ್ತು.

ಮುನ್ನೂರು ಸಲವಾಯಿತು. ನಾನೂರಾಯಿತು. ಒಂದು ಸಲವೂ ತಪ್ಪಲಿಲ್ಲ!

"ನನಗೆ ಅರ್ಥ ಆಗೋ ಹಾಗೆ ಒಂದು ಸಲ ಹೇಳಿ," ಎಂದ ಅವನು ಮೂರನೇ ದಿನ. ಅವಳು ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಕೇಳಿದ.

"ಅಂದ್ರೆ... ವಾರ್ಡ್ ರಿಜಿಸ್ಟರಲ್ಲಿ ಪೇಷೆಂಟ್ ಬೆಡ್ ಬದಲಾಯಿಸಿದ್ರಿ. ಆದ್ರೆ ಹಳೇ ಚೀಟಿ ಜೇಬಲ್ಲಿಟ್ಕೊಂಡಿರೋ ನರ್ಸ್‌ಗೆ ಹೇಳೋದು ಮರೆತ್ರಿ. ಅವಳು ಹಳೇ ಬೆಡ್‌ಗೆ ಹೋಗಿ, ಅಲ್ಲಿ ಹೊಸದಾಗಿ ಮಲಗಿರೋರ ನಾಡಿ ನೋಡಿ ಬಂದ್ಳು."

"ಹೂಂ... ಅಷ್ಟೇ," ಎಂದಳು ಅವಳು, ಬೆರಗಿನಿಂದ. "ನಾನು ಮರೆತಿದ್ದು ಅಷ್ಟೇ."

"ನರ್ಸ್ ಮರೆತ್ರೆ ಕೆಲಸದಿಂದ ತೆಗೀತಾರೆ," ಎಂದ. ನಗಲು ನೋಡಿದ. ಆಗಲಿಲ್ಲ.

ಅವಳು ಏನೂ ಯೋಚಿಸದೆ ಅವನ ಕೈ ಹಿಡಿದಳು. ಕ್ಲಿಪ್ ಹಾಕಿದ್ದ ಅದೇ ಕೈ. ಸ್ಕ್ರೀನಿನಲ್ಲಿ ನಾಲ್ಕನೇ ಬೆಡ್‌ನ ನಾಡಿ ಎಪ್ಪತ್ತೆರಡರಿಂದ ತೊಂಬತ್ತಾರಕ್ಕೆ ಏರಿತು. ಇಬ್ಬರೂ ನೋಡಿದರು.

ಐದನೆಯ ದಿನ ಅವನ ಫೋನ್ ಬಡಿದುಕೊಂಡಿತು. ಅವನು ಕೇಳಿಸಿಕೊಂಡ. ಬೆರಳಿನಿಂದ ಕ್ಲಿಪ್ ತೆಗೆದು ಟೇಬಲ್ ಮೇಲಿಟ್ಟ.

"ಯುವರಾಜ್?"

"ಹೊನ್ನಯ್ಯ ಹೋಗ್ಬಿಟ್ರು."

*

ಎರಡು ದಿನ ಅವನು ಬರಲಿಲ್ಲ. ಮೂರನೇ ದಿನ ಬಾಗಿಲಲ್ಲಿ ಬಂದು ನಿಂತಾಗ ದಿವ್ಯಶ್ರೀಗೆ ಅವನ ಗುರುತೇ ಸಿಗಲಿಲ್ಲ.

"ಇನ್ನು ಇದೆಲ್ಲ ಯಾರಿಗೆ ತೋರಿಸೋದು ದಿವ್ಯಾ?" ಮೊದಲ ಸಲ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ. "ಕಾಳಮ್ಮ ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ರು. ಇಟ್ಟ ಹೆಗಲು ಯಾರ್ದು ಅಂತ ಊರೆಲ್ಲ ನೋಡ್ತಿತ್ತು. ನನಗೆ ಅಲ್ಲೇ ಸತ್ತುಹೋಗ್ಬೇಕು ಅನ್ನಿಸ್ತು."

"ಹಾಗನ್ಬೇಡಿ!"

"ಇನ್ನೇನನ್ಲಿ?"

"ಇನ್ನೂ ಹನ್ನೊಂದು ಆಸ್ಪತ್ರೆ ಇದೆ," ಎಂದಳು ಅವಳು, ಅಳುತ್ತಲೇ. "ಇವತ್ತೂ ಅಲ್ಲೆಲ್ಲ ಯಾರೋ ಬೆರಳಿನ ಕ್ಲಿಪ್ ಬದಲಾಯಿಸ್ತಾ ಇದಾರೆ. ಇವತ್ತೂ ಯಾರೋ ಆ ಸ್ಕ್ರೀನ್ ನಂಬ್ಕೊಂಡು ಬೆನ್ನು ತಿರುಗಿಸ್ತಾ ಇದಾರೆ. ಒಂದೇ ಒಂದು ಸಲ... ನೆನಪು ಮಾಡ್ಕೊಳ್ಳಿ. ಆವತ್ತು ಬೇರೆ ಇನ್ನೇನಿತ್ತು?"

ಅವನು ಕಣ್ಣು ಮುಚ್ಚಿ ಕುಳಿತ.

"ಆವತ್ತು ಇದ್ದದ್ದು ಇಬ್ಬರೇ ಪೇಷೆಂಟ್," ಎಂದ ನಿಧಾನಕ್ಕೆ. "ಉಳಿದ ನಾಲ್ಕು ಬೆಡ್ ಖಾಲಿ. ದೂರದಿಂದ ಕಾಣ್ಲಿ ಅಂತ ಆ ನಾಲ್ಕನ್ನ ಸ್ಕ್ರೀನಿಂದ ತೆಗೆದು, ಎರಡನ್ನೇ ದೊಡ್ಡದು ಮಾಡಿಟ್ಟಿದ್ದೆ."

ದಿವ್ಯಶ್ರೀ ಎದ್ದು ನಿಂತಳು.

ಆರು ಬೆಡ್ ಇದ್ದರೆ ಎರಡನೆಯ ಕೋರ್‌ಗೆ ಕೈತುಂಬ ಕೆಲಸ. ಹೊಸ ಸಾಲುಗಳು ಬಂದು ಹಳೆಯ ನಕಲನ್ನು ತಳ್ಳಿಬಿಡುತ್ತವೆ. ಎರಡೇ ಬೆಡ್ ಇದ್ದರೆ? ತಳ್ಳುವವರೇ ಇಲ್ಲ! ಹಳೆಯ ನಕಲು ಹಾಗೇ ಉಳಿದುಬಿಡುತ್ತದೆ... ನಿಮಿಷಗಟ್ಟಲೆ!

ಅವಳು ನಾಲ್ಕು ಬೆಡ್‌ಗಳನ್ನು ಸ್ಕ್ರೀನಿನಿಂದ ತೆಗೆದಳು. ಫೋನಿನ ಕ್ಯಾಮೆರಾ ಆನ್ ಮಾಡಿ ಎದುರಿಗೆ ನಿಲ್ಲಿಸಿದಳು. ಇಬ್ಬರೂ ಕ್ಲಿಪ್ ಹಾಕಿಕೊಂಡರು.

ಏಳನೇ ಸಲಕ್ಕೆ ಅದು ಸಿಕ್ಕಿತು.

ಯುವರಾಜ್ ಬೆರಳು ಹೊರಗೆ ತೆಗೆದಿದ್ದ. ನಾಲ್ಕನೇ ಬೆಡ್ ಎದುರು ಖಾಲಿ ಗೆರೆ ಬರಬೇಕಿತ್ತು. ಬಂದದ್ದು ತೊಂಬತ್ತೆಂಟು. ನಾಡಿ ನೂರ ಹನ್ನೊಂದು. ಅವಳದ್ದೇ ಎದೆಬಡಿತ, ಅವನ ಬೆಡ್‌ನ ಹೆಸರಿನಲ್ಲಿ. ಅಲಾರಂ ಸದ್ದಿಲ್ಲ. ಲಾಗ್ ಮಾತ್ರ ತನ್ನ ಪಾಡಿಗೆ ಬರೆಯುತ್ತಿತ್ತು: ನಾಲ್ಕನೇ ಬೆಡ್, ಅಪಾಯ... ಅಪಾಯ... ಅಪಾಯ.

"ಇದೇ!" ಅವನು ಕೂಗಿದ. "ಇದೇ ನಾನು ನೋಡಿದ್ದು! ದಿವ್ಯಾ, ನಾನು ನಿದ್ದೆ ಮಾಡಿರ್ಲಿಲ್ಲ!"

ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ. ಇಷ್ಟು ದಿನ ಅವನಿಗೇ ತನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತೆಂದು ಅವಳಿಗೆ ಆಗ ತಿಳಿಯಿತು.

ಆಮೇಲೆ ಅವನು ಅವಳ ಕೈ ಹಿಡಿದ.

"ನೀನು ಇಲ್ಲದಿದ್ರೆ ನಾನು... ಆ ರಿಪೋರ್ಟ್ ಬರೆದ ಪುಣ್ಯಾತ್ಮ ಯಾರೋ, ಅವನ ಮುಖದ ಮುಂದೆ ಇದನ್ನ ಹಿಡೀಬೇಕು."

ಸುಮ್ಮನಿರಬಹುದಿತ್ತು. ಅವನು ನಗುತ್ತಿದ್ದ. ಎಷ್ಟೋ ದಿನದ ಮೇಲೆ ನಗುತ್ತಿದ್ದ. ಆದರೆ ಅವನ ಆ ನಗುವಿನ ಎದುರು ಸುಮ್ಮನಿರಲು ಅವಳಿಂದ ಆಗಲಿಲ್ಲ.

"ನಾನೇ," ಎಂದಳು.

"ಏನು?"

"ಆ ರಿಪೋರ್ಟಿಗೆ ಸಹಿ ಹಾಕಿದ್ದು... ನಾನೇ ಯುವರಾಜ್."

ಅವನ ಕೈ ಅವಳ ಕೈಯಿಂದ ಜಾರಿತು.

"ನೀವು ಬಂದ ದಿನ ಸಂಜೆನೇ. ಲಾಗ್ ನೋಡಿ, ನಿಮ್ಮದೇ ತಪ್ಪು ಅನ್ಕೊಂಡೆ. ಎರಡು ದಿನ ಆದ್ಮೇಲೆ ಗೊತ್ತಾಯ್ತು. ಹೇಳ್ಬೇಕಿತ್ತು... ಧೈರ್ಯ ಬರ್ಲಿಲ್ಲ."

"ಅದಕ್ಕೇ ಬಂದ್ರಾ ನನ್ನ ಹುಡುಕ್ಕೊಂಡು?" ಅವನ ಧ್ವನಿ ಬಹಳ ಮೆತ್ತಗಿತ್ತು. 'ನೀನು' ಎಂಬುದು ಮತ್ತೆ 'ನೀವು' ಆಗಿತ್ತು. "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ? ಈ ದೋಸೆ, ಈ ಮಾತು, ಈ ಕೈ ಹಿಡಿಯೋದು... ಎಲ್ಲಾ ಅದಕ್ಕೇನಾ?"

"ಅಲ್ಲ! ದೇವ್ರಾಣೆ ಅಲ್ಲ..."

"ನಾನು ದೇವರ ಹಾಗೆ ನಂಬಿದ್ದೆ ದಿವ್ಯಶ್ರೀ ಅವ್ರೇ."

ಬಾಗಿಲು ಮೆಲ್ಲಗೆ ಮುಚ್ಚಿತು. ಅವನು ಬಡಿದು ಹೋಗಿದ್ದರೂ ಅಷ್ಟು ನೋಯುತ್ತಿರಲಿಲ್ಲ.

*

ಮರುದಿನ ಬೆಳಿಗ್ಗೆ ವೆಂಕಟಾಚಲ ಆ ವಿಡಿಯೊವನ್ನು ಮೂರು ಸಲ ನೋಡಿದರು. ಮೂರನೇ ಸಲಕ್ಕೆ ಅವರ ಮುಖ ಬಿಳಿಚಿಕೊಂಡಿತ್ತು.

"ಎರಡು ವಾರ ಕೊಡಮ್ಮ. ಕೋಡ್ ಸರಿ ಮಾಡಿ, ಪರೀಕ್ಷೆ ಮಾಡಿ, ಎಲ್ಲ ಕಡೆ ಹಾಕಿಬಿಡೋಣ."

"ಎರಡು ವಾರ ಅವ್ರೆಲ್ಲ ಆ ಸ್ಕ್ರೀನ್ ನಂಬ್ಕೊಂಡೇ ಇರ್ತಾರೆ ಸರ್. ಇವತ್ತೇ ಫೋನ್ ಮಾಡ್ಬೇಕು."

"ಕಂಪನಿ ಉಳಿಯಲ್ಲ ದಿವ್ಯಶ್ರೀ."

"ಹೊನ್ನಯ್ಯನೂ ಉಳಿಲಿಲ್ಲ ಸರ್."

ಅವಳು ರಾಜೀನಾಮೆ ಪತ್ರವನ್ನು ಅವರ ಎದುರಿಗಿಟ್ಟು ತನ್ನ ಟೇಬಲ್‌ಗೆ ಬಂದಳು. ಹನ್ನೊಂದು ನಂಬರುಗಳ ಪಟ್ಟಿ ತೆಗೆದಳು. ಮೊದಲ ನಂಬರ್ ಒತ್ತಿದಳು.

"ಡಾಕ್ಟರ್ ಬ್ಯುಸಿ ಇದಾರೆ."

ಎರಡನೆಯದು. "ಪೇಜ್ ಟೇಬಲ್ಲಾ? ಏನ್ ಹೇಳ್ತಿದೀರಮ್ಮ? ಮೇಲ್ ಹಾಕಿ."

ಮೂರನೆಯದು. "ನಮ್ಮಲ್ಲಿ ಚೆನ್ನಾಗೇ ನಡೀತಿದೆ. ನೀವು ಬೇರೆ ಕಂಪನಿಯವ್ರಾ?"

ನಾಲ್ಕನೆಯದು ಅವಳು ಮಾತು ಮುಗಿಸುವ ಮೊದಲೇ ಕಟ್ಟಾಯಿತು. ಕೂಗಿ ಹೇಳಬೇಕು ಎನಿಸುತ್ತಿತ್ತು... ಆದರೆ ಯಾರಿಗೆ? ಮೂರು ವರ್ಷ ಯಂತ್ರದ ಜೊತೆ ಮಾತಾಡಿ ಮಾತಾಡಿ, ಮನುಷ್ಯರಿಗೆ ಒಂದು ಮಾತು ತಿಳಿಸುವುದು ಹೇಗೆಂದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಮುಂದಿದ್ದ ಫೋನನ್ನು ಯಾರೋ ಎತ್ತಿಕೊಂಡರು.

ಯುವರಾಜ್.

"ನೀವು..."

"ಮಾತಾಡ್ಬೇಡಿ," ಎಂದ, ಅವಳ ಮುಖ ನೋಡದೆ. "ನಿಮಗೋಸ್ಕರ ಬಂದಿಲ್ಲ. ಆ ಹನ್ನೊಂದು ಆಸ್ಪತ್ರೆಗೋಸ್ಕರ ಬಂದೆ. ನಂಬರ್ ಹೇಳಿ. ಡಾಕ್ಟರ್‌ದಲ್ಲ, ಐಸಿಯುದು."

ಅವಳು ಹೇಳಿದಳು. ಅವನು ಒತ್ತಿದ.

"ಸಿಸ್ಟರ್, ನಮಸ್ಕಾರ. ನಾನೂ ಸ್ಟಾಫ್ ನರ್ಸ್, ಭದ್ರಾವತಿ. ಡ್ಯೂಟಿಲಿ ಎಷ್ಟ್ ಜನ ಇದೀರಿ? ಒಬ್ಬರೇನಾ? ಅಲ್ವಾ ಮತ್ತೆ, ಎಲ್ಲಾ ಕಡೆ ಅದೇ ಕಥೆ. ಕೇಳಿ ಸಿಸ್ಟರ್... ನಾಡಿಮಿತ್ರದ ದೊಡ್ಡ ಸ್ಕ್ರೀನ್ ಇದೆಯಲ್ಲ, ಅದನ್ನ ನಂಬ್ಬೇಡಿ. ಕ್ಲಿಪ್ ತೆಗೆದು ಹಾಕಿದ್ಮೇಲೆ ಅದು ಬೇರೆಯವ್ರ ನಂಬರ್ ತೋರಿಸ್ಬಹುದು. ಅಲಾರಮ್ಮೂ ಹೊಡೆಯಲ್ಲ. ಪ್ರತಿ ಸಲ ಸ್ಕ್ರೀನ್ ಆಫ್ ಮಾಡಿ ಆನ್ ಮಾಡಿ. ಬೆಡ್ ಪಕ್ಕದ ಡಬ್ಬಿ ನಂಬರ್ ಸರಿ ಇರುತ್ತೆ, ಅದನ್ನೇ ನೋಡಿ. ನನ್ನ ಪೇಷೆಂಟ್ ಒಬ್ಬರು ಹೀಗೇ ಹೋಗ್ಬಿಟ್ರು ಸಿಸ್ಟರ್... ಹೂಂ. ಈಗ್ಲೇ ನೋಡಿ. ನಾನು ಲೈನಲ್ಲೇ ಇರ್ತೀನಿ."

ಆ ಕಡೆಯ ಹೆಣ್ಣುಧ್ವನಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ನೋಡ್ತೀನಿ ಬ್ರದರ್" ಎಂದಿತು. ಓಡುವ ಹೆಜ್ಜೆಯ ಸದ್ದು ಕೇಳಿಸಿತು.

ಐದು. ಆರು. ಏಳು. ಮೊದಲು ಫೋನ್ ಇಟ್ಟವರಿಗೂ ಅವನು ಮತ್ತೆ ಮಾಡಿದ. ಎಂಟನೆಯ ನಂಬರ್ ಹೇಳುವಷ್ಟರಲ್ಲಿ ಪಟ್ಟಿಯ ಮೇಲೆ ಇನ್ನೊಂದು ಕೈ ಬಂತು. ವೆಂಕಟಾಚಲ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತರು.

"ಕೊನೇ ಮೂರು ನಾನು ಮಾಡ್ತೀನಿ," ಎಂದರು. "ಮಾಲೀಕನೇ ಹೇಳಿದ್ರೆ ಡಾಕ್ಟರೂ ಕೇಳ್ತಾರೆ."

ಮಧ್ಯಾಹ್ನ ಒಂದೂವರೆಗೆ ಯುವರಾಜ್‌ನ ಫೋನ್ ಬಡಿಯಿತು. ತರೀಕೆರೆಯಿಂದ.

"ಬ್ರದರ್, ನಾನು ಮಂಜುಶ್ರೀ, ಬೆಳಿಗ್ಗೆ ಮಾತಾಡಿದ್ರಲ್ಲ..." ಅವಳು ಏದುಸಿರು ಬಿಡುತ್ತಿದ್ದಳು. "ಎರಡನೇ ಬೆಡ್ ಅಜ್ಜಿ. ಕ್ಲಿಪ್ ಬದಲಾಯಿಸಿದ್ದೆ. ಸ್ಕ್ರೀನಲ್ಲಿ ತೊಂಬತ್ತಾರು. ನೀವು ಹೇಳಿದ್ರಿ ಅಂತ ಹೋಗಿ ಡಬ್ಬಿ ನೋಡಿದ್ರೆ ಎಪ್ಪತ್ತನಾಲ್ಕು! ಆಕ್ಸಿಜನ್ ಪೈಪ್ ಕಳಚಿತ್ತು. ಹಾಕಿದೀನಿ... ಈಗ ಮೇಲೆ ಬರ್ತಿದೆ. ಅಜ್ಜಿ ಮಾತಾಡ್ತಿದಾರೆ ಬ್ರದರ್!"

ಯುವರಾಜ್ ಫೋನನ್ನು ನಿಧಾನಕ್ಕೆ ಕೆಳಗಿಟ್ಟ. ದಿವ್ಯಶ್ರೀ ಟೇಬಲ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಅವಳ ತಲೆಯ ಹತ್ತಿರ ಬಂತು. ಒಂದು ಕ್ಷಣ ತಡೆಯಿತು. ಆಮೇಲೆ ಕೂದಲ ಮೇಲೆ ಮೆಲ್ಲಗೆ ನಿಂತಿತು.

*

ನಾಲ್ಕು ಗಂಟೆಗೆ ಇಬ್ಬರೂ ಭದ್ರಾವತಿಯ ಕಾಳಮ್ಮನ ಮನೆಯಲ್ಲಿದ್ದರು. 'ನೀವು ಬರದಿದ್ರೂ ನಾನು ಹೋಗ್ತೀನಿ' ಎಂದು ಅವಳು ಬಸ್ ಹತ್ತಿದಾಗ, ಅವನು ಹಿಂದೆಯೇ ಹತ್ತಿದ್ದ.

ದಿವ್ಯಶ್ರೀ ಚಾಪೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಕರ್ನಲ್ ಎನ್ನಲಿಲ್ಲ, ಕೋರ್ ಎನ್ನಲಿಲ್ಲ. ತಾನು ಮಾಡಬೇಕಾದ ಒಂದು ಕೆಲಸವನ್ನು ಆಮೇಲೆ ಮಾಡಿದರಾಯಿತು ಎಂದು ಬಿಟ್ಟೆ ಎಂದಳು. ಅದರಿಂದ ಯಂತ್ರ ಸುಳ್ಳು ಹೇಳಿತು ಎಂದಳು. ಆಮೇಲೆ ನೋಡದೆ ಸಹಿ ಹಾಕಿ, ಇವರ ಮೇಲೆ ತಪ್ಪು ಹೊರಿಸಿದೆ ಎಂದಳು.

ಕಾಳಮ್ಮ ಸೀರೆಯ ಸೆರಗನ್ನೇ ಮಡಿಸುತ್ತ ಬಿಡಿಸುತ್ತ ಕುಳಿತಿದ್ದರು.

"ಅವ್ರಿಗೆ ನೋವಾಗಿತ್ತಾ?" ಎಂದರು ಕೊನೆಗೆ. ಕೇಳಿದ್ದು ಯುವರಾಜ್‌ನನ್ನು.

"ಇಲ್ಲಮ್ಮ. ನಿದ್ದೇಲಿದ್ರು. ನಾನು ಹತ್ರ ಹೋದಾಗ ಮುಖ ಶಾಂತವಾಗಿತ್ತು."

"ಹೂಂ."

ಆಮೇಲೆ ದಿವ್ಯಶ್ರೀಯತ್ತ ತಿರುಗಿದರು.

"ನಿನ್ನ ಮೇಲೆ ನನಗೆ ಬೇಜಾರಿಲ್ಲ ಅಂತ ಹೇಳೋಕೆ ಆಗಲ್ಲ ಮಗಾ. ಮನೆ ಖಾಲಿ ಆಗ್ಬಿಟ್ಟಿದೆ." ಕಣ್ಣೊರೆಸಿಕೊಂಡರು. "ಆದ್ರೆ ಈ ಹುಡುಗಂದು ತಪ್ಪಿಲ್ಲ ಅಂತ ಆಸ್ಪತ್ರೆಯವ್ರ ಮುಂದೆ ಹೇಳ್ತೀಯಾ?"

"ಆಗ್ಲೇ ಬರೆದು ಕಳಿಸಿದೀನಮ್ಮ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

"ಹೇಳು. ಅಷ್ಟು ಮಾಡು."

*

ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ಬಿಸಿಲು ಇಳಿಯುತ್ತಿತ್ತು. ಅಂಗಡಿಯೊಂದರಲ್ಲಿ ಯಾರೋ ತಮಿಳಿನಲ್ಲಿ ಜೋರಾಗಿ ನಗುತ್ತಿದ್ದರು.

"ಇನ್ನೂ ಕೋಪ ಇದೆಯಾ?" ಎಂದಳು ಅವಳು, ನೆಲ ನೋಡುತ್ತ.

"ಇದೆ."

"ಎಷ್ಟು?"

"ತುಂಬಾ." ಅವನು ಉಸಿರೆಳೆದುಕೊಂಡ. "ನಿನ್ನೆ ರಾತ್ರಿಯಿಡೀ ನಿನ್ನನ್ನ ದ್ವೇಷ ಮಾಡೋಕೆ ಪ್ರಯತ್ನ ಮಾಡಿದೆ. ಸುಮ್ನಿದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನಾನು ನಗ್ತಾ ಇರೋವಾಗ್ಲೇ ಹೇಳಿದ್ಯಲ್ಲ... ಅದೇ ನೆನಪಾಗಿ, ದ್ವೇಷ ಪೂರ್ತಿ ಆಗ್ತಾನೇ ಇರ್ಲಿಲ್ಲ."

ಅವಳು ತಲೆ ಎತ್ತಿದಳು. 'ನೀನು' ಎಂದಿದ್ದ!

"ನಾನು ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು ತಪ್ಪು ಸರಿ ಮಾಡೋಕೇ," ಎಂದಳು. "ಸುಳ್ಳು ಹೇಳಲ್ಲ. ಆದ್ರೆ ದಿನಾ ಬೆಳಿಗ್ಗೆ ಬಾಗಿಲ ಹತ್ರ ಕಾಯ್ತಾ ನಿಲ್ತಿದ್ದಿದ್ದು ಅದಕ್ಕಲ್ಲ. ನಾನು... ನಿಮ್ಮನ್ನ ಪ್ರೀತಿಸ್ತೀನಿ ಯುವರಾಜ್. ಕ್ಷಮಿಸ್ದೇ ಇದ್ರೂ ಪರವಾಗಿಲ್ಲ. ಗೊತ್ತಿರ್ಲಿ ಅಂತ ಹೇಳ್ದೆ."

ಅವನು ರಸ್ತೆಯ ಕಡೆ ತಿರುಗಿದ.

"ಕ್ಷಮಿಸೋಕೆ ಇನ್ನೂ ಸ್ವಲ್ಪ ದಿನ ಬೇಕು," ಎಂದ. "ಪ್ರೀತಿಸೋಕೆ ಬೇಡ. ಅದು ಆಗ್ಲೇ ಆಗ್ಬಿಟ್ಟಿದೆ. ನಾನೇನ್ ಮಾಡ್ಲಿ ಮಾರಾಯ್ತಿ?"

ಅವಳು ಅಳುತ್ತಲೇ ನಕ್ಕಳು. ಅವನು ಕೈ ಚಾಚಿದ. ಈ ಸಲ ಯಾವ ಕ್ಲಿಪ್ಪೂ ಇಲ್ಲದ ಕೈ. ಅವಳು ಹಿಡಿದುಕೊಂಡಳು.

ಶಿವಮೊಗ್ಗದ ಬಸ್ ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ. ಬಸ್ ಹೋಯಿತು.

"ಮುಂದಿನ ಬಸ್ಸಿಗೆ ಹೋಗ್ತೀನಿ," ಎಂದಳು ಅವಳು.

"ಬೇಡ," ಎಂದ ಅವನು. "ಅದ್ರ ಮುಂದಿನದಕ್ಕೆ ಹೋಗು."